ಎತ್ತಿಕೊಡುವವನು

ಹೊಡೆಯುವವನ ಹೆಸರು ಊರಿಗೆ ಗೊತ್ತು.
ಎತ್ತಿಕೊಡುವವನದು
ಹಾಜರಿ ಪುಸ್ತಕಕ್ಕೆ, ಆಮೇಲೆ ನನಗೆ.
ಆದರೂ ಈ ವಾರ ಸಿಂಧನೂರಿನ ತುಂಬ
ಅವನದೇ ಮಾತು: ಸೆಟ್ಟರ್ ಯಾರು?

ಒಗ್ಗರಣಿ ಗಾಡಿಯ ಈರಮ್ಮ ಮಿರ್ಚಿ ತಿರುವುತ್ತ ಹೇಳಿದಳು:
"ಹುಸೇನಪ್ಪನ್ನ ಬಿಟ್ರ ನಿಮಗ ಉದ್ರಿ ಬಂದ್ ಸರ."
ಜರ್ಸಿಗೆ ದುಡ್ಡು ಕೊಟ್ಟ ರೈಸ್ ಮಿಲ್ಲಿನ ಮಾಲೀಕರು
ಮೀಸೆಯ ಮೇಲಿನ ತೌಡು ಒರೆಸಿಕೊಂಡು
"ನಿಮ್ಮಿಷ್ಟ" ಅಂದರು. ಅಂದರೆ, ಅವರಿಷ್ಟ.
ಪ್ರಿನ್ಸಿಪಾಲರು: "ಫೈನಲ್ ಇಯರ್ ಹುಡುಗ, ಪಾಪ."
ಪಾಪ ಎಂಬುದು ಯಾವ ಪೊಜಿಷನ್ನು,
ಕೋರ್ಟಿನಲ್ಲಿ ಎಲ್ಲಿ ನಿಲ್ಲುತ್ತದೆ,
ನಾನು ಕೇಳಲಿಲ್ಲ.

ಹುಸೇನಪ್ಪ ತುರ್ವಿಹಾಳದವನು.
ಮೂರು ವರ್ಷ ಅವನೆತ್ತಿದ ಪ್ರತಿ ಚೆಂಡೂ
ದೊಡ್ಡಬಸವನ ಬಲಗೈಗೇ ಹೋಯಿತು,
ಕಾಲುವೆಯ ನೀರು ತೂಬಿಗೆ ಹೋದಂತೆ.
ನೆಟ್ಟಿಗಿಂತ ಎರಡು ಮೊಳ ಮೇಲೆ
ತಟ್ಟೆಯಲ್ಲಿಟ್ಟ ಹಾಗೆ ನಿಲ್ಲುತ್ತಿತ್ತು.
ಅದು ಎಲ್ಲಿಗೆ ಹೋಗುತ್ತದೆಂದು ನಮಗೆ ಗೊತ್ತಿತ್ತು.
ಮಾನ್ವಿಯವರಿಗೂ ಗೊತ್ತಿತ್ತು.
ಹೋದ ವರ್ಷ ಅವರ ಆರು ಕೈ
ಅಲ್ಲೇ ಕಾದು ನಿಂತಿದ್ದವು.

ಬಿಪ್ಲಬ್ ಮಂಡಲ್ ಮೂರನೇ ಕ್ಯಾಂಪಿನವನು,
ಬಿ.ಎ. ಮೊದಲ ವರ್ಷ, ಮೀನಿನ ಬುಟ್ಟಿ ಕಟ್ಟಿದ ಸೈಕಲ್ಲು.
ಅವ್ವನ ಸಂಗಡ ಬಂಗಾಲಿ, ರೆಫರಿಯ ಸಂಗಡ ನಮ್ಮ ಮಾತು,
ಬೈಯಲು ಎರಡೂ.
ಬೆರಳು ಉದ್ದ. ಅವಸರ ಅದಕ್ಕಿಂತ ಉದ್ದ.
ಹತ್ತಕ್ಕೆ ಮೂರು ಡಬಲ್ ಟಚ್; ಸೀಟಿ ಊದಿ ಊದಿ
ನನ್ನ ತುಟಿ ಒಡೆದಿತ್ತು.

ಸೋಮವಾರ ಅವನು ನೋಡದೆಯೇ
ತಲೆಯ ಹಿಂದಕ್ಕೆ ಒಂದು ಎತ್ತಿದ.
ಚೆಂಡು ಏರಿತು, ನಿಂತಿತು, ಯಾರನ್ನೋ ಹುಡುಕಿ
ಧಪ್ಪೆಂದು ಕರಿಮಣ್ಣಿಗೆ ಬಿತ್ತು.
"ಅಲ್ಲಿ ಯಾರದಾರಲೇ?" ಎಂದೆ.
"ಯಾರೂ ಇಲ್ರಿ ಸರ. ಇರಬೇಕಿತ್ತು."

ಆ ರಾತ್ರಿ ನಿದ್ದೆ ಹತ್ತಲಿಲ್ಲ.
ಇಪ್ಪತ್ತೆರಡು ವರ್ಷ ನಾನು
ಇರುವವರಿಗೆ ಕೊಡುವುದನ್ನೇ ಕಲಿಸಿದ್ದೆ.

ಮಂಗಳವಾರವೂ ಬಿತ್ತು. ದೊಡ್ಡಬಸವ ನಕ್ಕ.
ಬುಧವಾರ ಬೀಳಲಿಲ್ಲ.
ಖಾಜಾಮೈನುದ್ದೀನ್, ಎರಡು ವರ್ಷದಿಂದ
ಬರೀ ಸರ್ವಿಸ್ ಎತ್ತಿ, ಉಳಿದವರಿಗೆ ಚಪ್ಪಾಳೆ ತಟ್ಟಿ
ಮನೆಗೆ ಹೋಗುತ್ತಿದ್ದ ಗಿಡ್ಡ,
ಎಲ್ಲಿಂದಲೋ ಓಡಿಬಂದು ಹಾರಿದ್ದ.
ಹೊಡೆತ ಹೊರಗೆ ಬಿತ್ತು ಅನ್ನಿ, ಎರಡು ಗೇಣು.
ಇಳಿದವನು ತನ್ನ ಅಂಗೈಯನ್ನೇ ನೋಡುತ್ತ ನಿಂತ
ಬೇರೆ ಯಾರದೋ ಕೈ ಅನ್ನುವ ಹಾಗೆ.
ಬೆಂಚಿನಲ್ಲಿ ಬೂಟಿನ ಲೇಸು ಕಟ್ಟುತ್ತಿದ್ದ ಹುಸೇನಪ್ಪ
ಕಟ್ಟಿದ್ದನ್ನು ಬಿಚ್ಚಿ
ಮತ್ತೆ ಕಟ್ಟಿದ.

ಫಾರ್ಮಿನಲ್ಲಿ ಒಂದು ಸಾಲು ಉಳಿದಿತ್ತು.
ಒಮ್ಮೆ ಬರೆದು ಗೀಟು ಹಾಕಿದೆ. ಮತ್ತೆ ಬರೆದೆ.
ನ್ಯಾಯ ಅನ್ನಲಾರೆ.
ಅವನು ಒಂದು ಬೆಳಗೂ ತಪ್ಪಿಸಿದವನಲ್ಲ,
ಇವನು ವಾರಕ್ಕೆರಡು ಸಲ ತಡ.

ಹೇಳಲು ಹೋದಾಗ ನೆಟ್ ಮಡಿಸುತ್ತಿದ್ದ.
ನಾನು ಬಾಯಿ ತೆರೆಯುವ ಮೊದಲೇ
"ಗೊತ್ತೈತ್ರಿ ಸರ" ಅಂದ.
"ಆದ್ರ ಅವಗ ಹೇಳ್ರಿ, ಕೈಗೆ ಉಗುಳು ಹಚ್ಚಬ್ಯಾಡ ಅಂತ.
ಚೆಂಡು ಜಾರತೈತಿ."
ಮಡಿಸಿದ ನೆಟ್ಟನ್ನು ಎರಡು ಸಲ ಝಾಡಿಸಿದ.
ಧೂಳು ಇರಲಿಲ್ಲ.

ನಸುಕಿನ ಐದೂವರೆ, ರಾಯಚೂರು ಬಸ್ಸು.
ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನು ಹುಸೇನಪ್ಪ.
ತೊಡೆಯ ಮೇಲೆ ಚೆಂಡಿನ ಚೀಲ,
ಪಕ್ಕದಲ್ಲಿ ಟವೆಲ್ ಮಾತ್ರ.
ನಿಂತವರು ಟವೆಲನ್ನೂ ಅವನನ್ನೂ ದುರುಗುಟ್ಟುತ್ತಿದ್ದರು.
ಡ್ರೈವರ್ ಎರಡನೇ ಸಲ ಹಾರ್ನ್ ಒತ್ತಿದ.
ಕಂಡಕ್ಟರ್ ಬಂದು ಕೇಳಿದ:
"ಇಲ್ಲಿ ಯಾರದಾರಪಾ?"

ಹುಸೇನಪ್ಪ ಗೇಟಿನ ಕಡೆ ನೋಡಿದ.
ಕ್ಯಾಂಪಿನಿಂದ ಬರುವ ರಸ್ತೆಯಲ್ಲಿ
ಒಂದು ಸೈಕಲ್ಲಿನ ಗುರುತೂ ಇಲ್ಲ.

"ಬರ್ತಾನ" ಅಂದ.