ನೆರಳವ್ವ, ಸಂಚಿಕಿ ಎಂಟು

ಶಹಾಬಾದದ ಝೆರಾಕ್ಸ್ ಅಂಗಡ್ಯಾಗ ನಲವತ್ತು ಪ್ರತಿ.
ಪಿನ್ನು ನಾನೇ ಹೊಡೀತೀನಿ.

ನನ್ನ ನಾಯಕಿಗಿ ಹಾರಾಕ ಬರಂಗಿಲ್ಲ.
ಆಕಿ ನಿಂತಲ್ಲಿ ನೆರಳು ಬೀಳ್ತದ, ಅಷ್ಟ.
ಫರ್ಸಿ ಖಣ್ಯಾಗ, ಮೇ ತಿಂಗಳ ಎರಡು ಗಂಟೆಕ್ಕ,
ಅದಕ್ಕಿಂತ ದೊಡ್ಡ ಶಕ್ತಿ ನನಗ ಹೊಳೀಲಿಲ್ಲ.
ಮುಖವಾಡ ಬ್ಯಾರೆ ಬೇಕಾಗಲಿಲ್ಲ:
ಧೂಳಿಗಿ ಅಲ್ಲಿ ಎಲ್ಲಾರೂ ಮಾರಿ ಕಟ್ಟಿರ್ತಾರ.

ಪಂಕ್ಚರ್ ಮೌಲಾಲಿ ಏಳೂ ಸಂಚಿಕಿ
ಟ್ಯೂಬಿನ ಡಬ್ಬ್ಯಾಗ ಇಟ್ಟಾನ.
ಜಗಳಕ್ಕ ಬರ್ತಾನ:
ಬೆನ್ನಿಗಿ ಹಾರೋ ಬಟ್ಟಿ ಯಾಕ್ರಿ,
ಸೆರಗು ಸಾಲಂಗಿಲ್ಲೇನು?
ನಿನ್ನಿ ಕೇಳಿದ,
ಹೊತ್ತು ಮುಳುಗಿದ ಮ್ಯಾಲ ಆಕಿ ಏನ್ ಮಾಡ್ತಾಳ?

ರಾತ್ರಿಯೆಲ್ಲಾ ಕುಂತು
ಮೊದಲ ಚೌಕ ಪೂರಾ ಕಪ್ಪು ಬಳದೀನಿ.
ಅದರಾಗ ಎಲ್ಲೋ ಅದಾಳ.
ಮೂಲ್ಯಾಗ ಒಂಚೂರು ಬಿಳಿ ಉಳದದ,
ಸ್ಕೆಚ್ ಪೆನ್ನು ತೀರಿತು.