ಕಾರಣದ ಕಾಲಂ

ಹದಿನೆಂಟು ಸಾವಿರ ಅಂದಿದ್ದರು, ಹದಿನಾಕಕ್ಕ ಮುರಿದಿವಿ.
ನಾಕು ಮಂದಿ, ನಾಕು ಗಾಲಿ,
ಒಬ್ಬೊಬ್ಬರಿಗೆ ಒಂದೊಂದು ಅಂತ ಸೂಗಪ್ಪನ ಲೆಕ್ಕ.
ಹೋಗಿ ನೋಡಿದರ ಗಾಲಿ ಮೂರೇ,
ನಾಕನೇದರ ಜಾಗದಾಗ ಒಂದು ಕಲ್ಲು.
"ಕಲ್ಲಿನ ಪಾಲು ನಿಂದು" ಅಂದಿವಿ ಹುಸೇನಪ್ಪಗ.
ಅಂವ ಬಿಟ್ಟಾನ? ಕಲ್ಲನ್ನೂ ಎತ್ತಿ
ಡಿಕ್ಕಿಯಾಗ ಹಾಕಿಕೊಂಡ.

ಪದ್ಮಿನಿ. ಎಂಬತ್ತೊಂದರ ಮಾಡೆಲ್ಲು.
ಬಣ್ಣ ಮಾತ್ರ ಕೇಳಬ್ಯಾಡ್ರಿ:
ಬಾನೆಟ್ಟು ಹುಳಿಮೊಸರು, ಒಂದು ಬಾಗಿಲು ಅಂಚೆಡಬ್ಬಿ,
ಉಳಿದದ್ದೆಲ್ಲ ಮಾನ್ವಿ ರಸ್ತೆಯ ಧೂಳು.
ಡಾಕ್ಟರು ತೀರಿದ ಮ್ಯಾಲೆ ಹಿಂದಿನ ಸೀಟು ಕೋಳಿಗಳ ಪಾಲಾಗಿತ್ತಂತ;
ಮೂರು ತತ್ತಿ ಪುಕ್ಕಟೆ ಬಂದವು.
ನೆಲದಾಗ ಅಂಗೈ ಅಗಲ ತೂತು.
ಲಾಲಸಾಬ ಬಗ್ಗಿ ನೋಡಿ ಅಂದ:
"ಎಲಿಅಡಿಕಿ ಉಗುಳಾಕ ಕಿಟಕಿ ಇಳಸೂದು ತಪ್ಪಿತು."

ಅವನ ಅಂಗಡಿ ತೀನ್ ಕಂದೀಲ್ ಹತ್ತಿರದ ಸಂದಿಯಾಗ,
ಎರಡು ಸ್ಕೂಟರಿನಷ್ಟು ಅಗಲ.
ಕಾರಿನ ಮೂತಿ ಒಳಗ, ಬೆನ್ನು ಬೀದ್ಯಾಗ.
ಮೇ ತಿಂಗಳು; ಹಗಲಿನಾಗ ಪಾನಾ ಮುಟ್ಟಿದರ ರೊಟ್ಟಿಹಂಚು.
ರಾತ್ರಿ ಹತ್ತಾದ ಮ್ಯಾಲೆ ಕೂಡತಿದ್ದಿವಿ:
ಶಕ್ತಿನಗರದ ಶಿಫ್ಟ್ ಮುಗಿಸಿ ಸೂಗಪ್ಪ,
ಮೀಸ್ಯಾಗ ಜಿನ್ನಿಂಗ್ ಮಿಲ್ಲಿನ ಹತ್ತಿ ಹೊತ್ತು ಹುಸೇನಪ್ಪ,
ಲಿಂಗಸುಗೂರು ಬಸ್ಸಿಳಿದು, ಸೀಟಿ ಕೊರಳಾಗ ಹಂಗೇ,
ಕಂಡಕ್ಟರ್ ತಾಯಮ್ಮ,
ಔಷಧಿ ಅಂಗಡಿ ಬಾಗಿಲು ಎಳೆದು ನಾನು.

ರೇಡಿಯೇಟರ್ ಸೋರಿದರ ಅರಿಷಿಣ ಹಾಕಿದಿವಿ, ಕಾಲು ಕೆಜಿ.
ಕುದಿಯಿತು. ಓಣಿ ತುಂಬ ಸಾರಿನ ವಾಸನಿ.
"ಒಗ್ಗರಣಿ ಮರತೀರಿ" ಅಂತ ಮ್ಯಾಲಿನ ಮನಿ ಅಜ್ಜಿ.
ಹೈದರಾಬಾದಿನ ಗುಜರಿಯಿಂದ ಪೆಟ್ರೋಲ್ ಪಂಪು ಬಂತು,
ಕಾರ್ಬುರೇಟರ್ ಬಿಚ್ಚಿದರ ಒಳಗ ಒಂದು ಕಣಜದ ಗೂಡು.
"ಇಷ್ಟು ದಿನ ಬಾಡಿಗಿ ಕೊಟ್ಟಾವೇನು?" ತಾಯಮ್ಮ ಕೇಳಿದಳು,
"ಟಿಕೇಟ್ ತೋರಸ್ರಿ."

ಆವತ್ತೇ ರಾತ್ರಿ ಡ್ಯಾಶ್‌ಬೋರ್ಡಿನ ಖಾನೆ ತೆರೀತು.
ಎರಡು ಹುಣಸಿಬೀಜ, ಒಂದು ಒಣಗಿದ ಹಲ್ಲಿ,
ದಾರ ಹೊಲಿದ ನೋಟ್‌ಬುಕ್ಕು.
ಯಾರಿಗೂ ಓದಾಕ ಬರಲಿಲ್ಲ. ನನ್ನ ಕೈಗೆ ಕೊಟ್ಟರು;
ಡಾಕ್ಟರ ಅಕ್ಷರ ನನ್ನ ಹೊಟ್ಟಿಪಾಡು.
ದಿನಾಂಕ, ಊರು, ಲೀಟರು. ಕಡೀಕ
ಸ್ಕೇಲ್ ಇಟ್ಟು ಗೀಟು ಎಳೆದ ಕಾಲಂ: ಕಾರಣ.

ಕವಿತಾಳ. ಕಾರಣ, ಚೇಳು.
ಸಿರವಾರ. ಹೆರಿಗೆ, ಜೋಡಿ.
ಸಿರವಾರ. ಜೋಡಿಯ ಹೆಸರಿಡಲು ಕರೆದರು.
ಕಲ್ಲೂರು. ಚೇಳು ಅಂದರು; ಮುಳ್ಳು.
ನಾವು ಹೊಟ್ಟಿ ಹಿಡಿದು ನಕ್ಕಿವಿ.
ಗಬ್ಬೂರು. ತಡವಾಯಿತು.
ಅದೇ ದಿನ, ಕೆಳಗಿನ ಸಾಲು:
ಕೃಷ್ಣಾ ಸೇತುವೆ. ಹೋಗಿಬರಲು ಒಂಬತ್ತು ಲೀಟರು.
ಕಾರಣದ ಜಾಗ ಖಾಲಿ.

ಲಾಲಸಾಬ ಬ್ಯಾಟರಿ ಬೆಳಕು ಆರಿಸಿ
ಮತ್ತ ಹಚ್ಚಿದ.
"ಹತ್ತು ಮಿಲಿಮೀಟರ್ ಪಾನಾ ಎಲ್ಲೈತಿ?" ಅಂದ.
ಅದು ಅವನ ಕಿವಿಮ್ಯಾಲೇ ಇತ್ತು.

ಹದಿನೇಳನೇ ದಿನ ಚಾಲೂ ಆತು.
ಮೊದಲು ಕೆಮ್ಮು, ಆಮ್ಯಾಲೆ ಬೈಗಳು,
ಆಮ್ಯಾಲೆ ಹಳೇ ಹೊಲಿಗಿ ಮಷಿನ್ನಿನಂಗ ಒಂದೇ ಸಮ.
ರಿವರ್ಸ್ ಗೇರ್ ಮಾತ್ರ ಬೀಳವಲ್ದು.
ಐದೂ ಮಂದಿ ಎತ್ತಿ, ದೂಡಿ, ಬೀದಿಗೆ ತಿರುಗಿಸಿದಿವಿ,
ತಾಯಮ್ಮ ಸೀಟಿ ಊದಿದಳು: ರೈಟ್, ರೈಟ್!
ಸ್ಟೇಷನ್ ರಸ್ತೆಯಾಗ ಬ್ರೇಕು ಕೈಕೊಟ್ಟಿತು.
ಹುಸೇನಪ್ಪ ಕಲ್ಲು ಹಿಡಕೊಂಡು ಜಿಗಿದ,
ಗಾಲಿಗೆ ಕೊಟ್ಟ, ಎದಿ ಉಬ್ಬಿಸಿ ನಿಂತ:
"ಯಾರ ಪಾಲು ಕೆಲಸಕ್ಕ ಬಂತು ನೋಡ್ರಿ."

ಚಹಾ ಡಬ್ಬಿಅಂಗಡಿ ಮುಂದ ಕುಂತು ನೋಟ್‌ಬುಕ್ ಬಿಚ್ಚಿದೆ.
ದಿನಾಂಕ. ತೀನ್ ಕಂದೀಲಿನಿಂದ ಸ್ಟೇಷನ್ನು.
ಎರಡು ಕಿಲೋಮೀಟರ್, ಅದರಾಗ ದೂಡಿದ್ದು ಒಂದೂವರೆ.
ಕಾರಣ ಅನ್ನೋದಕ್ಕ ಜಗಳ ಹತ್ತಿತು.
ಟ್ರಯಲ್ ಅಂತ ಬರಿ ಅಂದ ಸೂಗಪ್ಪ.
ಚಹಾ ಅಂತ ಬರಿ. ಹುಚ್ಚು ಅಂತ ಬರಿ.
ನಾನು ಯಾರಿಗೂ ತಿಳಿಯದಂಗ
ಡಾಕ್ಟರ ಅಕ್ಷರದಾಗ ಬರೆದು ಮುಚ್ಚಿಟ್ಟೆ.

"ಏನು ಬರದಿ?" ತಾಯಮ್ಮ ಕೇಳಿದಳು.
"ಊಟ ಆದ ಮ್ಯಾಲೆ, ದಿನಕ್ಕ ಎರಡು ಸಲ" ಅಂದೆ.