ವಿಧಿ

ಸೋಲಾಪುರ. ಬುಧವಾರ. ಬಾಲ ನ್ಯಾಯ ಮಂಡಳಿ ಕೂಡುವ ದಿನ.
ಕಟಕಟೆಯಿಲ್ಲ, ಕರಿಕೋಟಿಲ್ಲ, ಬೇಡಿಯಿಲ್ಲ;
ಒಂದು ಮೇಜು, ಎಲ್ಲರಿಗೂ ಒಂದೇ ಎತ್ತರದ ಕುರ್ಚಿ.
ಪೊಲೀಸ ಸಾದಾ ಅಂಗಿ ತೊಟ್ಟು ಬಂದಿದ್ದಾನೆ,
ಕಾಯ್ದೆ ಹಾಗನ್ನುತ್ತದೆ.
ಬೂಟು ಬದಲಿಸಲು ಮರೆತಿದ್ದಾನೆ.
ಹುಡುಗ ನೋಡುತ್ತಿರುವುದು ಬೂಟನ್ನೇ.

ನಾನು ದುಭಾಷಿ, ಅಕ್ಕಲಕೋಟದವಳು.
ಮೂರು ತಿಂಗಳ ಭತ್ಯೆ ಬಾಕಿ.
ಇವನ ಹೆಸರು ನನಗೆ ಗೊತ್ತು, ಬರೆಯುವ ಹಾಗಿಲ್ಲ.
ಊರು ಹೇಳಿದರೆ ಓಣಿ ಸಿಗುತ್ತದೆ, ಓಣಿ ಸಿಕ್ಕರೆ ಮನೆ.
ಬೋರಿ ಹೊಳೆಯ ಆಚೆ ಎಲ್ಲೋ, ಅಂದುಕೊಳ್ಳಿ.

ಮಗ್ಗದ ಮೋಟಾರಿನ ತಾಮ್ರದ ತಂತಿ, ನಾಲ್ಕು ಕಿಲೋ.
ಟವೆಲ್ ಕಾರಖಾನೆಯ ಯೆಮುಲ ಸೇಠನ ದೂರು
ತೆಲುಗಿನಲ್ಲಿ ಹುಟ್ಟಿ, ಮರಾಠಿಯಲ್ಲಿ ಬರೆಸಿಕೊಂಡು,
ಈಗ ನನ್ನ ಬಾಯಲ್ಲಿ ಕನ್ನಡವಾಗಬೇಕು.

ವಯಸ್ಸು?
ಶಾಲೆಯ ದಾಖಲೆ: ಜೂನ್ ಒಂದು.
ಆ ವರ್ಷ ಪಾಟಿ ಹಿಡಿದವರೆಲ್ಲ ಜೂನ್ ಒಂದಕ್ಕೇ ಹುಟ್ಟಿದವರು,
ಮಾಸ್ತರರ ಕೃಪೆ.
ಅವ್ವ ಅಂದಳು: "ಸಜ್ಜಿ ರಾಶಿ ಮುಗದಿತ್ರಿ. ಕಣದಾಗ ಬ್ಯಾನಿ ಎದ್ದಿದ್ವು."
ಸಜ್ಜೆಯ ರಾಶಿ ಮರಾಠಿಯಲ್ಲಿ ಯಾವ ತಾರೀಖು?
ಗುಮಾಸ್ತ ಜೂನ್ ಒಂದನ್ನೇ ಉಳಿಸಿಕೊಂಡ.

ಸುರವಸೆ ಬಾಯಿ ಮನೆಗೇ ಹೋಗಿ ತುಂಬಿಸಿ ತಂದ ವರದಿ:
ತಂದೆಯ ಚಟ, ಮಲಗುವ ಜಾಗ, ಗೆಳೆಯರ ವಯಸ್ಸು.
'ಬಾಲಕನ ಹವ್ಯಾಸ' ಎಂಬಲ್ಲಿ ಗೆರೆ ಎಳೆದು,
ಯಾಕೋ ಮತ್ತೆ ಅದನ್ನು ಹೊಡೆದುಹಾಕಿ
ಬರೆದಿದ್ದಾರೆ: ಪಾರಿವಾಳ.

ಆಮೇಲೆ ಮ್ಯಾಜಿಸ್ಟ್ರೇಟರು ಓದಿದರು:
"ವಿಧಿ ಸಂಘರ್ಷಗ್ರಸ್ತ ಬಾಲಕ."
ಹುಡುಗ ಮೊದಲ ಸಲ ತಲೆಯೆತ್ತಿದ.
ಆ ಒಂದು ಮಾತು ಅವನಿಗೆ ನಾನಿಲ್ಲದೆ ಮುಟ್ಟಿತ್ತು.

"ವಿಧಿ ಅಂದ್ರಲ್ರೀ ಬಾಯಾರು,
ನನ್ನ ಹಣಿಬಾರ ಅವ್ರಿಗೆ ಹ್ಯಾಂಗ ಗೊತ್ತಾತು?"

"ಹಣಿಬಾರ ಅಲ್ಲೋ. ಅವರ ಭಾಷಾದಾಗ ಅದು ಕಾಯ್ದೆ."

"ಎರಡೂ ಒಂದ ಏನ್ರಿ?"

ಏನಂತೆ, ಎಂದು ಮೇಜಿನಾಚೆಯಿಂದ.
ದುಭಾಷಿ ತನ್ನದೊಂದು ಮಾತನ್ನೂ ಸೇರಿಸುವಂತಿಲ್ಲ, ಬಿಡುವಂತಿಲ್ಲ.
ವಿಧಿ, ವಿಧಿ ಎರಡೂ ಒಂದೇ ಏನೆಂದು ಕೇಳುತ್ತಿದ್ದಾನೆ, ಅಂದೆ.
ಪೆನ್ನು ಕಾಗದದ ಮೇಲೆ ತುಸು ನಿಂತಿತು.
ಬರೆದುಕೊಳ್ಳಲಿಲ್ಲ.

ಆದೇಶ: ಬುದ್ಧಿ ಹೇಳಿ ತಾಯಿಯ ವಶಕ್ಕೆ,
ಒಂದು ವರ್ಷ ಸುರವಸೆ ಬಾಯಿಯ ಕಣ್ಣು,
ಅವಧಿ ಕಳೆದ ಮೇಲೆ ನಾಶ.
ಆ ಮಾತೂ ಹಾಗೇ, ನನ್ನನ್ನು ದಾಟಿಕೊಂಡು ಹೋಗಿ
ಅವ್ವನ ಕೈ ಮಗನ ರಟ್ಟೆ ಹಿಡಿಯಿತು.
ಕಾಗದಾ ಅವ್ವಾ, ಅಂದೆ. ಕಾಗದಾ ಅಷ್ಟ.

ಹೊರಗೆ ಬೂಟಿನವನು ಚಾ ಕುಡಿಯುತ್ತಿದ್ದ.
ಬಾಗಿಲು ಅಷ್ಟು ಅಗಲವಿದ್ದರೂ
ಹುಡುಗ ಗೋಡೆಗೆ ಅಂಟಿಕೊಂಡೇ ದಾಟಿದ.